ಬೆನ್ನ ಮೇಲಿನ ಉಪ್ಪು

ಮೆಕ್ಸಿಕೊದ ದಕ್ಷಿಣಕ್ಕೆ, ಕೊಲಂಬಿಯದ ಉತ್ತರಕ್ಕೆ ಕಿರಿದಾದ ನೆಲವೊಂದು ಚಾಚಿಕೊಂಡಿದೆ. ಒಂದು ಬದಿಗೆ ಕೆರಿಬಿಯನ್ ಕಡಲು, ಇನ್ನೊಂದು ಬದಿಗೆ ಪೆಸಿಫಿಕ್ ಮಹಾಸಾಗರ. ಬೆಲೀಜ್, ಗ್ವಾಟೆಮಾಲ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವ, ಕೋಸ್ಟರಿಕ, ಪನಾಮ – ಈ ಏಳು ದೇಶಗಳು ಸೇರಿ ಮಧ್ಯ ಅಮೆರಿಕ. ಏಳೂ ಕೂಡಿದರೆ ನಮ್ಮ ಕರ್ನಾಟಕದ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚಾದೀತು, ಅಷ್ಟೆ. ಇದರ ಉತ್ತರ ಭಾಗದ ಕಾಡುಗಳಲ್ಲಿ ಮಾಯಾ ಜನರು ಕಟ್ಟಿದ ನಗರಗಳ ಅವಶೇಷಗಳಿವೆ.

ಅಲ್ಲಿಗೆ ಬರುವ ಪ್ರವಾಸಿಗರ ಮುಂದೆ ಏಜೆಂಟರು ಎರಡು ಪಟ್ಟಿ ಇಡುತ್ತಾರೆ. ಒಂದರಲ್ಲಿ ಕಡಲ ತೀರ, ಹವಳದ ದಿಬ್ಬ, ತೂಗುಮಂಚ. ಇನ್ನೊಂದರಲ್ಲಿ ಕಾಡು, ಕಲ್ಲಿನ ಗೋಪುರ, ರಾಜರ ಗೋರಿ. ತೀರ ಬೇಕೋ ಪಾಳು ನಗರ ಬೇಕೋ ಆರಿಸಿಕೊಳ್ಳಿ ಎಂಬ ಹಾಗೆ. ನಾನೂ ನಮ್ಮನೆಯವರೂ ಬೆನ್ನಿಗೆ ಚೀಲ ಏರಿಸಿಕೊಂಡು ಬಸ್ಸಿನಲ್ಲಿ, ದೋಣಿಯಲ್ಲಿ, ನಡೆದು ಆ ಸೀಮೆ ಸುತ್ತಿದೆವು. ಆ ಎರಡು ಪಟ್ಟಿಗಳು ಬೇರೆಬೇರೆ ಅಲ್ಲ, ಒಂದೇ ಹಳೆಯ ದಾರಿಯ ಎರಡು ತುದಿಗಳು ಎಂಬುದು ನನಗೆ ಅಲ್ಲಿ ಮನದಟ್ಟಾಯಿತು. ಆ ದಾರಿಯಲ್ಲಿ ಉಪ್ಪು ಹೋಗುತ್ತಿತ್ತು. ಅದನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ನಾನು ಗೋಕರ್ಣದ ಕಡೆಯವಳು. ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡುತ್ತ ಬೆಳೆದೆ. ಘಟ್ಟದ ಕೆಳಗೆ ಬೆಳೆದ ಉಪ್ಪು ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಹತ್ತುತ್ತಿದ್ದ ಕಥೆಗಳನ್ನು ಅಜ್ಜಂದಿರ ಬಾಯಿಂದ ಕೇಳಿದವಳು. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದೆ. ನಮ್ಮನೆಯವರು ಬ್ಯಾಂಕಿನ ಕೆಲಸ ಮುಗಿಸಿದವರು. ಮಗಳು ಅಳಿಯ ಅಮೆರಿಕದ ಹೂಸ್ಟನ್‌ನಲ್ಲಿದ್ದಾರೆ. ಅವರ ಮನೆಗೆ ಹೋದವರು ಅಲ್ಲಿಂದ ಬೆಲೀಜಿಗೆ ಹಾರಿದೆವು. "ಈ ವಯಸ್ಸಿನಲ್ಲಿ ಬೆನ್ನುಚೀಲ ಯಾಕಮ್ಮಾ, ಗುಂಪಿನ ಪ್ರವಾಸಕ್ಕೆ ಸೇರಿಕೊಳ್ಳಿ" ಎಂದು ಮಗಳು ಹೇಳಿದಳು. ನಮಗೆ ಮನಸ್ಸಾದ ಕಡೆ ನಿಲ್ಲುವ ಸ್ವಾತಂತ್ರ್ಯ ಬೇಕಿತ್ತು. ಎರಡು ಜೊತೆ ಬಟ್ಟೆ, ಮಳೆ ಅಂಗಿ, ಸೊಳ್ಳೆಗೆ ಹಚ್ಚುವ ಮುಲಾಮು, ಟಾರ್ಚು, ಔಷಧಿ. ಹೊತ್ತುಕೊಂಡು ನಿರಾಯಾಸವಾಗಿ ಒಂದು ಮೈಲಿ ನಡೆಯಲು ಆಗದಿದ್ದರೆ ಚೀಲದಿಂದ ಏನಾದರೂ ತೆಗೆಯಬೇಕು ಎಂಬುದು ನಮ್ಮನೆಯವರ ನಿಯಮ.

ಬೆನ್ನಿನ ಹೊರೆಯ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಮಾಯಾ ನಾಡಿನಲ್ಲಿ ಎತ್ತು, ಕುದುರೆ, ಕತ್ತೆಗಳು ಇರಲಿಲ್ಲ. ಸ್ಪೇನಿನವರು ಬಂದ ಮೇಲೆಯೇ ಅವೆಲ್ಲ ಬಂದದ್ದು. ಸಾಮಾನು ಸಾಗಿಸಲು ಗಾಲಿಯನ್ನೂ ಅವರು ಬಳಸಲಿಲ್ಲ. ಅರವತ್ತು ಮೀಟರ್ ಎತ್ತರದ ಗೋಪುರ ಕಟ್ಟಿದವರು, ಗ್ರಹಗಳ ಚಲನೆಯನ್ನು ಲೆಕ್ಕ ಹಾಕಿದವರು ಪ್ರತಿಯೊಂದು ಕಲ್ಲನ್ನೂ ಪ್ರತಿಯೊಂದು ಮೂಟೆ ಮೆಕ್ಕೆಜೋಳವನ್ನೂ ಮನುಷ್ಯರ ಬೆನ್ನಿನ ಮೇಲೆಯೇ ಸಾಗಿಸಿದರು. ನೀರಿದ್ದ ಕಡೆ ಮಾತ್ರ ದೋಣಿ. ಹೊರೆಗೆ ಕಟ್ಟಿದ ಪಟ್ಟಿಯನ್ನು ಹಣೆಗೆ ತಂದು, ಭಾರವೆಲ್ಲ ಕುತ್ತಿಗೆ ಮತ್ತು ಬೆನ್ನಿನ ಮೇಲೆ ಬೀಳುವಂತೆ ಬಾಗಿ ನಡೆಯುತ್ತಿದ್ದರು. ಮೆಕಪಾಲ್ ಎಂಬ ಆ ಹಣೆಪಟ್ಟಿಯಲ್ಲಿ ಸೌದೆ ಹೊತ್ತು ಬರುವ ರೈತರನ್ನು ಗ್ವಾಟೆಮಾಲದ ರಸ್ತೆಗಳಲ್ಲಿ ಇಂದಿಗೂ ಕಾಣಬಹುದು. ವರ್ತಕರಿಗೆ ಎಕ್ ಚುವಾ ಎಂಬ ದೇವರೇ ಇದ್ದ. ಹಳೆಯ ಚಿತ್ರಗಳಲ್ಲಿ ಆ ದೇವರ ಬೆನ್ನಿನ ಮೇಲೂ ಹೊರೆ ಇರುತ್ತದೆ.

ನಾವು ಮೊದಲು ಇಳಿದದ್ದು ಬೆಲೀಜಿನ ಕೀ ಕಾಕರ್ ಎಂಬ ಪುಟ್ಟ ದ್ವೀಪದಲ್ಲಿ. ಮರಳಿನ ಬೀದಿಗಳು. ಕಾರು ಇಲ್ಲ, ಸೈಕಲ್ಲು ಮತ್ತು ಬ್ಯಾಟರಿ ಗಾಡಿ ಮಾತ್ರ. 1961ರ ಹ್ಯಾಟಿ ಚಂಡಮಾರುತ ಈ ದ್ವೀಪವನ್ನು ಸೀಳಿ ಎರಡು ಮಾಡಿತು ಎನ್ನುತ್ತಾರೆ. ಆ ಸೀಳಿನಲ್ಲೇ ಈಗ ಎಲ್ಲರೂ ಈಜುತ್ತಾರೆ. ಉದ್ದನೆಯ ಮರಳ ತೀರ ಬೇಕೆನ್ನುವವರಿಗೆ ನಿರಾಶೆಯಾಗಬಹುದು. ನಮ್ಮ ಓಂ ತೀರ, ಕುಡ್ಲೆ ತೀರಗಳೇ ಇದಕ್ಕಿಂತ ವಿಶಾಲ. ಮೇಲಾಗಿ 2011ರಿಂದ ಈಚೆಗೆ ಸರ್ಗಾಸಮ್ ಎಂಬ ಕಂದು ಪಾಚಿ ಅಟ್ಲಾಂಟಿಕ್ ಕಡೆಯಿಂದ ರಾಶಿರಾಶಿಯಾಗಿ ತೇಲಿ ಬಂದು ಈ ತೀರಗಳಲ್ಲಿ ಕೊಳೆಯುತ್ತಿದೆ. ದ್ವೀಪದ ಜನ ಮುಂಜಾನೆ ಕುಂಟೆ ಹಿಡಿದು ಅದನ್ನು ಗುಡ್ಡೆ ಹಾಕುವುದನ್ನು ನೋಡಿದೆವು.

ಸೌಂದರ್ಯವಿರುವುದು ನೀರಿನೊಳಗೆ. ಬೆಲೀಜಿನ ತೀರದುದ್ದಕ್ಕೂ ಸುಮಾರು 300 ಕಿಲೋಮೀಟರ್ ಹವಳದ ದಿಬ್ಬವಿದೆ. ಯುನೆಸ್ಕೊ 1996ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಂಡ್ಲಾ ಕಾಡುಗಳನ್ನು ಕಡಿಯುತ್ತಿದ್ದಾರೆಂದು 2009ರಲ್ಲಿ ಅಪಾಯದ ಪಟ್ಟಿಯಲ್ಲಿ ಇಟ್ಟಿತು. ಬೆಲೀಜಿನ ಜನ ಸುಮ್ಮನಿರಲಿಲ್ಲ. ಅವರ ಒತ್ತಾಯದಿಂದ ಆ ಪುಟ್ಟ ದೇಶ ತನ್ನ ಕಡಲಿನಲ್ಲಿ ತೈಲ ಹುಡುಕುವುದನ್ನು ನಿಲ್ಲಿಸುವ ಕಾನೂನು ಮಾಡಿತು. 2018ರಲ್ಲಿ ದಿಬ್ಬ ಅಪಾಯದ ಪಟ್ಟಿಯಿಂದ ಹೊರಗೆ ಬಂತು. ಮುಖಕ್ಕೆ ಗಾಜಿನ ಕನ್ನಡಕ, ಬಾಯಿಗೆ ಕೊಳವೆ ಕಟ್ಟಿಕೊಂಡು ಆ ನೀರಿನ ಮೇಲೆ ಬೋರಲಾಗಿ ತೇಲಿದಾಗ ಕೆಳಗೆ ತೊರಕೆ ಮೀನುಗಳು ಮರಳಿನ ಮೇಲೆ ಹಾಯುತ್ತಿದ್ದವು. ತೊರಕೆಯ ಬಾಲದಲ್ಲಿ ಗರಗಸದಂತೆ ಹಲ್ಲುಗಳಿರುವ ಮುಳ್ಳು ಇರುತ್ತದೆ. ನಮ್ಮ ಕರಾವಳಿಯ ಮೀನುಗಾರರಿಗೆ ಅದರ ಭಯ ಚೆನ್ನಾಗಿ ಗೊತ್ತು. ಈ ಮುಳ್ಳಿನ ಮಾತು ಮುಂದೆ ಬರಲಿದೆ, ನೆನಪಿರಲಿ.

ದ್ವೀಪದಿಂದ ಬೆಲೀಜಿನ ದಕ್ಷಿಣ ತುದಿಯ ಪುಂಟ ಗೋರ್ಡಕ್ಕೆ ಹೋದೆವು. ಇಡೀ ದಿನದ ಬಸ್ಸು. ಅಮೆರಿಕದ ಶಾಲೆಗಳು ಬಳಸಿ ಬಿಟ್ಟ ಬಸ್ಸುಗಳೇ ಇಲ್ಲಿ ಸಾರಿಗೆ ಬಸ್ಸುಗಳು. ಮಕ್ಕಳ ಅಳತೆಯ ಸೀಟಿನಲ್ಲಿ ದೊಡ್ಡವರು ಮೂವರು ಕೂರಬೇಕು. ಕಿಟಕಿಯಾಚೆ ಕಿತ್ತಳೆ ತೋಟ, ಬಾಳೆ ತೋಟ, ಮಧ್ಯೆ ಗರೀಫುನ ಜನರ ಊರುಗಳು. ಗರೀಫುನರದ್ದು ಆಫ್ರಿಕ ಮತ್ತು ಕೆರಿಬಿಯನ್ ಮೂಲನಿವಾಸಿಗಳ ರಕ್ತ ಕೂಡಿದ ಕುಲ. ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಸೋತ ಅವರನ್ನು 1797ರಲ್ಲಿ ಹಡಗಿಗೆ ತುಂಬಿ ಹೊಂಡುರಾಸಿನ ರೋಆಟಾನ್ ದ್ವೀಪದಲ್ಲಿ ಇಳಿಸಿದರು. ಅಲ್ಲಿಂದ ತೀರದುದ್ದಕ್ಕೂ ಹರಡಿದರು. ಅವರ ಮನೆಯೊಂದರಲ್ಲಿ ಊಟ ಮಾಡಿದೆವು. ಬೇಯಿಸಿದ ಬಾಳೆಕಾಯಿಯನ್ನು ದೊಡ್ಡ ಮರದ ಒರಳಿನಲ್ಲಿ ಕುಟ್ಟಿ ಮುದ್ದೆ ಮಾಡುತ್ತಾರೆ. ಜೊತೆಗೆ ತೆಂಗಿನ ಹಾಲಿನ ಮೀನು ಸಾರು. ಹುದುತ್ ಎಂದು ಹೆಸರು. ಮನೆಯಾಕೆ ಒನಕೆ ಎತ್ತಿ ಇಳಿಸುವ ಲಯ ಹೊರಗಿನ ಬೀದಿಗೂ ಕೇಳುತ್ತಿತ್ತು.

ಪುಂಟ ಗೋರ್ಡದಲ್ಲಿ ನಮ್ಮ ಮುಖ ನೋಡಿ ಯಾರೂ ಬೆರಗಾಗಲಿಲ್ಲ. ಯಾಕೆಂದರೆ ಆ ಜಿಲ್ಲೆಯಲ್ಲಿ ಭಾರತೀಯ ಮೂಲದವರಿದ್ದಾರೆ. 1857ರ ಹೋರಾಟ ಮುಗಿದ ಮೇಲೆ ಗಡೀಪಾರಾದ ಕೆಲವರು, ಆ ಮೇಲೆ ಕಬ್ಬಿನ ಗದ್ದೆಗೆ ಕೂಲಿಗಳಾಗಿ ಬಂದ ಇನ್ನೂ ಹಲವರು. ಉತ್ತರದ ಕೊರೊಸಾಲ್ ಜಿಲ್ಲೆಯಲ್ಲಂತೂ ಕಲ್ಕತ್ತ ಎಂಬ ಊರೇ ಇದೆ. ಭಾಷೆ ಹೋಗಿದೆ, ದೇವರೂ ಹೋಗಿದ್ದಾನೆ. ಹಳದಿ ಹಾಕಿದ ಸಾರು ಮಾತ್ರ ಉಳಿದಿದೆ. ಅಂಗಡಿಯ ಮುದುಕರೊಬ್ಬರು ನನ್ನ ಕೈ ಹಿಡಿದು, ತಮ್ಮ ಅಜ್ಜಿ ಅರಿಶಿನದ ಗಿಡವನ್ನು ಹಿತ್ತಿಲಲ್ಲಿ ಹೇಗೆ ಬೆಳೆಸುತ್ತಿದ್ದರು ಎಂದು ಬಹಳ ಹೊತ್ತು ಹೇಳಿದರು.

ಪುಂಟ ಗೋರ್ಡದ ಉತ್ತರಕ್ಕೆ ಪೇನ್ಸ್ ಕ್ರೀಕ್ ಎಂಬ ಸಂರಕ್ಷಿತ ಪ್ರದೇಶವಿದೆ. ಕಾಂಡ್ಲಾ ಗಿಡಗಳು ಸುತ್ತುವರಿದ, ಆಳವಿಲ್ಲದ ಉಪ್ಪು ನೀರಿನ ಹಿನ್ನೀರು. ಮೇಲಿಂದ ನೋಡಿದರೆ ಏನೂ ಕಾಣಿಸುವುದಿಲ್ಲ. ಆದರೆ ಆ ನೀರಿನ ತಳದಲ್ಲಿ, ಕೆಸರಿನಲ್ಲಿ, ಮಾಯಾ ಕಾಲದ ಉಪ್ಪಿನ ಕಾರ್ಖಾನೆಗಳು ಹೂತಿವೆ. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಹೆದರ್ ಮೆಕಿಲಪ್ ಮತ್ತು ಅವರ ಜೊತೆಗಾರರು ನೂರಕ್ಕೂ ಹೆಚ್ಚು ಇಂಥ ಜಾಗಗಳನ್ನು ಗುರುತಿಸಿದ್ದಾರೆ. ಉಷ್ಣವಲಯದಲ್ಲಿ ಮರ ಬೇಗ ಕೊಳೆತು ಹೋಗುತ್ತದೆ. ಇಲ್ಲಿ ಮಾತ್ರ ಕಾಂಡ್ಲಾ ಬೇರುಗಳು ಕೂಡಿ ಆದ ಕಪ್ಪು ಮಣ್ಣಿನೊಳಗೆ ಗಾಳಿಯಾಡದೆ ಮನೆಗಳ ಕಂಬಗಳು ಸಾವಿರ ವರ್ಷಕ್ಕೂ ಮೀರಿ ನಿಂತಿವೆ. 2004ರಲ್ಲಿ ಅವರಿಗೆ ಒಂದು ಇಡೀ ಹುಟ್ಟು ಸಿಕ್ಕಿತು – ದೋಣಿ ನಡೆಸುವ ಮರದ ಹುಟ್ಟು. ಉಪ್ಪು ಸಾಗಿಸಿದ ಕೈಗಳು ಹಿಡಿದ ಹುಟ್ಟು ಅದು.

ಅವರು ಉಪ್ಪು ತೆಗೆಯುತ್ತಿದ್ದ ಬಗೆ ನಮ್ಮ ಆಗರದ ಬಗೆಯಲ್ಲ. ನಾವು ಪಾತಿಗೆ ನೀರು ಕಟ್ಟಿ ಬಿಸಿಲಿಗೆ ಬಿಡುತ್ತೇವೆ. ಅಲ್ಲಿ ಮಳೆ ಹೆಚ್ಚು. ಹಾಗಾಗಿ ಉಪ್ಪು ನೀರನ್ನು ಮಣ್ಣಿನ ಮಡಕೆಗಳಲ್ಲಿ ತುಂಬಿ, ಸಾಲಾಗಿ ಮಣ್ಣಿನ ಗಿಡ್ಡ ಕಂಬಗಳ ಮೇಲಿಟ್ಟು, ಕೆಳಗೆ ಬೆಂಕಿ ಹಾಕಿ ಕುದಿಸುತ್ತಿದ್ದರು. ನೀರು ಆರಿ ಉಪ್ಪಿನ ಗಟ್ಟಿ ಉಳಿಯುತ್ತಿತ್ತು. ಮೀನು ಸೀಳಿ ಉಪ್ಪು ಹಚ್ಚಿದ ಗುರುತುಗಳೂ ಅಲ್ಲಿನ ಕಲ್ಲಿನ ಉಪಕರಣಗಳ ಮೇಲೆ ಸಿಕ್ಕಿವೆ. ಆ ಮೇಲೆ ಕಡಲು ಏರಿ ಎಲ್ಲವನ್ನೂ ಮುಚ್ಚಿತು. ದೋಣಿಯವನು ಎಂಜಿನ್ ನಿಲ್ಲಿಸಿ "ಇಲ್ಲೇ ಕೆಳಗೆ" ಎಂದು ಕೈ ತೋರಿಸಿದಾಗ ನನಗೆ ಬರೀ ಕಂದು ನೀರು ಕಂಡಿತು. ಆದರೂ ಆ ಪ್ರವಾಸದಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿದ ಜಾಗಗಳಲ್ಲಿ ಅದೊಂದು.

ಮೆಕ್ಕೆಜೋಳ, ಬೀನ್ಸ್ ಕಾಳು, ಕುಂಬಳ ತಿಂದು ಬದುಕುವ ಬಿಸಿನೆಲದ ರೈತನಿಗೆ ಉಪ್ಪು ಬೇಕೇ ಬೇಕು. ಬೆವರಿನಲ್ಲಿ ಹೋದದ್ದು ಊಟದಲ್ಲಿ ಬರಬೇಕು. ಒಳನಾಡಿನಲ್ಲಿ ಹತ್ತಾರು ಸಾವಿರ ಜನರ ನಗರಗಳಿದ್ದವು. ಉಪ್ಪು ತೀರದಲ್ಲಿತ್ತು. ಎತ್ತಿಲ್ಲ, ಗಾಡಿಯಿಲ್ಲ. ಈ ಲೆಕ್ಕ ಮನಸ್ಸಿಗೆ ಬಂದ ಮೇಲೆ ನಾವು ಪಾಳು ನಗರಗಳನ್ನು ನೋಡುವ ಕಣ್ಣೇ ಬದಲಾಯಿತು.

ಪುಂಟ ಗೋರ್ಡದಿಂದ ಸಣ್ಣ ಮೋಟಾರು ದೋಣಿಯಲ್ಲಿ ಗ್ವಾಟೆಮಾಲದ ಲಿವಿಂಗ್‌ಸ್ಟನ್‌ಗೆ. ಆ ಊರಿಗೆ ರಸ್ತೆಯೇ ಇಲ್ಲ, ನೀರಿನ ಮೇಲೆಯೇ ಹೋಗಬೇಕು. ಅಲ್ಲಿಂದ ರಿಯೊ ದುಲ್ಸೆ ನದಿಯಲ್ಲಿ ಮೇಲಕ್ಕೆ. ಎರಡೂ ಕಡೆ ಸುಣ್ಣಕಲ್ಲಿನ ಕಡಿದಾದ ಗೋಡೆಗಳು, ಅದರ ತುಂಬ ಕಾಡು. ಹಳೆಯ ದೋಣಿಗಳಿಗೆ ಒಳನಾಡಿನ ಬಾಗಿಲು ಇಂಥ ನದಿಗಳೇ. ನದಿ ಬಿಟ್ಟ ಮೇಲೆ ಮತ್ತೆ ಬಸ್ಸು ಹಿಡಿದು ಪೆಟೆನ್ ಸೀಮೆಯ ಫ್ಲೋರೆಸ್ ಸೇರಿದೆವು. ಫ್ಲೋರೆಸ್ ಕೆರೆಯ ನಡುವಿನ ಒಂದು ದ್ವೀಪ. ಸ್ಪೇನಿನವರಿಗೆ ಕೊನೆಯವರೆಗೂ ಮಣಿಯದ ಮಾಯಾ ರಾಜ್ಯದ ರಾಜಧಾನಿ ಅಲ್ಲಿತ್ತು. ಅದು ಬಿದ್ದದ್ದು 1697ರಲ್ಲಿ. ಶಿವಾಜಿ ತೀರಿಕೊಂಡು ಹದಿನೇಳು ವರ್ಷಗಳಾದ ಮೇಲೆ ಎಂದರೆ ಕಾಲದ ಅಂದಾಜು ಆದೀತು.

ಫ್ಲೋರೆಸಿನಿಂದ ನಸುಕಿನಲ್ಲೇ ಹೊರಟು ಮಾಯಾ ಜನರ ಪಾಳು ನಗರ ಟಿಕಾಲ್. ಕಾಡಿನೊಳಗೆ ಕಾಲಿಟ್ಟ ಕೂಡಲೆ ಕೂಗುವ ಕೋತಿಗಳ ಆರ್ಭಟ. ದೇಹ ಚಿಕ್ಕದು, ದನಿ ಹುಲಿಯದು. ಬೂರುಗದ ಜಾತಿಯ ಸೈಬಾ ಮರಗಳು ಗಗನಕ್ಕೆ ಏರಿವೆ. ಮಾಯಾ ಜನರಿಗೆ ಸೈಬಾ ಪವಿತ್ರ ಮರ; ಭೂಮಿ, ಪಾತಾಳ, ಆಕಾಶಗಳನ್ನು ಅದು ಹಿಡಿದು ನಿಲ್ಲಿಸಿದೆ ಎಂದು ನಂಬಿಕೆ. ಮರಗಳ ನೆತ್ತಿಯ ಮೇಲೆ ಗೋಪುರಗಳ ತಲೆಗಳು ಮಾತ್ರ ಕಾಣುತ್ತವೆ. ನಾಲ್ಕನೆಯ ಗೋಪುರ ಸುಮಾರು 65 ಮೀಟರ್ ಎತ್ತರ. ಮರದ ಮೆಟ್ಟಿಲು ಹತ್ತಿ ಮೇಲೆ ಕೂತರೆ ದಿಗಂತದವರೆಗೂ ಹಸಿರು.

ಈ ಗೋಪುರಗಳ ಬಾಗಿಲುಗಳ ಮೇಲೆ ಅಡ್ಡ ತೊಲೆಗಳಿವೆ. ಅವು ಯಾವ ಮರದವು ಗೊತ್ತೇ? ಸಪೋಟ. ನಮ್ಮ ಹಿತ್ತಿಲಿನಲ್ಲಿ, ತೋಟದಲ್ಲಿ ಹಣ್ಣು ಬಿಡುವ ಅದೇ ಸಪೋಟ. ಅದರ ತವರು ಈ ಕಾಡು. ಗೆದ್ದಲು ಹಿಡಿಯದ ಗಟ್ಟಿ ಮರ. ಸಾವಿರದ ಇನ್ನೂರು ವರ್ಷಗಳಾಚೆಯೂ ಕೆಲವು ತೊಲೆಗಳು ಬಾಗಿಲನ್ನು ಹೊತ್ತು ನಿಂತಿವೆ. ಕೆತ್ತನೆಯಿದ್ದ ಅತ್ಯುತ್ತಮ ತೊಲೆಗಳನ್ನು 1877ರಲ್ಲಿ ಬಿಚ್ಚಿ ಯುರೋಪಿಗೆ ಸಾಗಿಸಿದರು. ಅವು ಈಗ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ. ಅವನ್ನು ನೋಡಲು ಟಿಕಾಲ್ ಕಾಡಿನ ಮಕ್ಕಳು ಸಾಗರ ದಾಟಿ ಹೋಗಬೇಕು. ಇದು ನನಗೆ ಸರಿ ಎನಿಸಲಿಲ್ಲ, ಇವತ್ತಿಗೂ ಎನಿಸುವುದಿಲ್ಲ.

ಮೊದಲನೆಯ ಗೋಪುರ 47 ಮೀಟರ್. ಅದರ ಅಡಿಯಲ್ಲಿ ಟಿಕಾಲ್‌ನ ದೊಡ್ಡ ರಾಜ ಹಸಾವ್ ಚಾನ್ ಕವೀಲ್‌ನ ಗೋರಿ ಇದೆ. 682ರಲ್ಲಿ ಪಟ್ಟಕ್ಕೆ ಬಂದವನು. ಬಹುಕಾಲ ಟಿಕಾಲನ್ನು ಅದುಮಿಟ್ಟಿದ್ದ ಕಲಕ್ಮುಲ್ ರಾಜ್ಯವನ್ನು 695ರಲ್ಲಿ ಸೋಲಿಸಿದವನು. 1962ರಲ್ಲಿ ಅಗೆತದವರು ಆ ಗೋರಿ ತೆರೆದರು. ಟಿಕಾಲ್‌ನ ಸಂಗ್ರಹಾಲಯದಲ್ಲಿ ಅದರ ಪ್ರತಿರೂಪ ಮಾಡಿಟ್ಟಿದ್ದಾರೆ. ರಾಜನ ಮೈಮೇಲೆ ಹಸಿರು ಜೇಡ್ ಕಲ್ಲಿನ ಮಣಿಗಳು. ಅದನ್ನು ಎಲ್ಲರೂ ನೋಡುತ್ತಾರೆ. ನಾನು ನೋಡಿದ್ದು ಬೇರೆ. ಗೋರಿಯಲ್ಲಿ ಕಡಲ ಚಿಪ್ಪುಗಳಿದ್ದವು. ಮುತ್ತುಗಳಿದ್ದವು. ತೊರಕೆ ಮೀನಿನ ಮುಳ್ಳುಗಳಿದ್ದವು. ಮಾಯಾ ರಾಜರು ತಮ್ಮ ನಾಲಗೆಯನ್ನೋ ಗುಪ್ತಾಂಗವನ್ನೋ ಆ ಮುಳ್ಳಿನಿಂದ ಚುಚ್ಚಿ ರಕ್ತವನ್ನು ದೇವರಿಗೆ ಅರ್ಪಿಸುತ್ತಿದ್ದರು. ಕಡಲಿನಿಂದ ಅಷ್ಟು ದೂರದ ಕಾಡಿನಲ್ಲಿ, ರಾಜ ದೇವರೊಡನೆ ಮಾತಾಡಲು ಕಡಲಿನ ಮುಳ್ಳೇ ಬೇಕಾಗಿತ್ತು.

ಇನ್ನೂ ಒಂದಿದೆ. ಅದೇ ಗೋರಿಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಚಿತ್ರ ಗೀರಿದ ಮೂಳೆಗಳು ಸಿಕ್ಕವು. ಒಂದು ಚಿತ್ರದಲ್ಲಿ ಉದ್ದನೆಯ ದೋಣಿ. ಮುಂದೊಬ್ಬ, ಹಿಂದೊಬ್ಬ ದೇವರು ಹುಟ್ಟು ಹಾಕುತ್ತಿದ್ದಾರೆ. ಒಬ್ಬನ ಮೂಗಿಗೆ ತೊರಕೆಯ ಮುಳ್ಳು ಚುಚ್ಚಿದೆ. ನಡುವೆ ಮೆಕ್ಕೆಜೋಳದ ದೇವರ ರೂಪದಲ್ಲಿ ರಾಜ. ಜೊತೆಗೆ ಕೋತಿ, ಗಿಳಿ, ಉಡದಂಥ ಪ್ರಾಣಿ, ನಾಯಿ. ಕೈಯನ್ನು ಹಣೆಗೆ ತಂದು ರಾಜ ಮರಣದ ದುಃಖ ಸೂಚಿಸುತ್ತಿದ್ದಾನೆ. ಟಿಕಾಲ್‌ನಲ್ಲಿ ನದಿಯೇ ಇಲ್ಲ! ಕುಡಿಯುವ ನೀರಿಗೂ ಮಳೆ ನೀರು ಹಿಡಿದಿಟ್ಟ ಕೆರೆಗಳನ್ನೇ ನಂಬಿದ್ದ ಊರು ಅದು. ಅಂಥ ಊರಿನ ರಾಜ ಸತ್ತಾಗ ಪರಲೋಕಕ್ಕೆ ಹೋದದ್ದು ದೋಣಿಯಲ್ಲಿ. "ಇಲ್ಲಿ ನೋಡು, ನೀನು ಹೇಳುತ್ತಿದ್ದ ದೋಣಿ" ಎಂದು ಮೊದಲು ತೋರಿಸಿದವರು ನಮ್ಮನೆಯವರು.

ಟಿಕಾಲ್‌ನಲ್ಲಿ ದಿನಾಂಕ ಕೆತ್ತಿದ ಕೊನೆಯ ಕಂಬ 869ರದ್ದು. ಆ ಮೇಲೆ ಊರು ಬರಿದಾಯಿತು. ಬರಗಾಲ, ಯುದ್ಧ, ಸವೆದ ಮಣ್ಣು, ಹಲವು ಕಾರಣ ಕೂಡಿದವು. ಆದರೆ ಮಾಯಾ ಜನರೇ ಅಳಿದುಹೋದರು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಗ್ವಾಟೆಮಾಲದಲ್ಲಿ ಇಂದು ಹತ್ತರಲ್ಲಿ ನಾಲ್ಕು ಜನ ಮಾಯಾ ಮೂಲದವರು. ಇಪ್ಪತ್ತಕ್ಕೂ ಹೆಚ್ಚು ಮಾಯಾ ಭಾಷೆಗಳಲ್ಲಿ ಮಕ್ಕಳು ಅಮ್ಮನನ್ನು ಕರೆಯುತ್ತಾರೆ. 1960ರಿಂದ 1996ರವರೆಗೆ ಆ ದೇಶದಲ್ಲಿ ಆಂತರಿಕ ಯುದ್ಧ ನಡೆಯಿತು. ಎರಡು ಲಕ್ಷಕ್ಕೂ ಮಿಕ್ಕಿ ಜನ ಸತ್ತರು ಅಥವಾ ಕಾಣೆಯಾದರು. ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ ಗುರುತಿಸಲು ಸಾಧ್ಯವಾದ ಬಲಿಪಶುಗಳಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಪುರಾತನ ಮಾಯಾ ರಾಜರನ್ನು ಕೊಂಡಾಡಿ, ಬಸ್ಸಿನಲ್ಲಿ ಪಕ್ಕ ಕೂತ ಮಾಯಾ ಅಜ್ಜಿಯನ್ನು ಕಾಣದೆ ಹೋಗುವ ಪ್ರವಾಸ ನನಗೆ ಬೇಡ.

ಅಲ್ಲಿಂದ ದಕ್ಷಿಣಕ್ಕೆ ಇಳಿದು ಮೊತಾಗ್ವಾ ನದಿಯ ಕಣಿವೆಗೆ ಬಂದೆವು. ಮಾಯಾ ನಾಡಿನ ಜೇಡ್ ಕಲ್ಲು ಸಿಗುತ್ತಿದ್ದದ್ದು ಈ ಕಣಿವೆಯಲ್ಲೇ. ನದಿ ನೇರ ಕೆರಿಬಿಯನ್ನಿಗೆ ಹೋಗುತ್ತದೆ. ಅದರ ದಡದ ಕಿರಿಗ್ವಾ ಪುಟ್ಟ ಊರು. ಬಾಳೆ ತೋಟಗಳ ನಡುವೆ ಹುಲ್ಲಿನ ಬಯಲು, ಬಯಲಲ್ಲಿ ಕಲ್ಲಿನ ಕಂಬಗಳು. 771ರಲ್ಲಿ ನಿಲ್ಲಿಸಿದ ಒಂದು ಕಂಬ, ನೆಲದೊಳಗಿನ ಭಾಗವೂ ಸೇರಿ, 10.6 ಮೀಟರ್. ಮಾಯಾ ಕಂಬಗಳಲ್ಲೇ ದೊಡ್ಡದು. ಇದನ್ನು ನಿಲ್ಲಿಸಿದ ರಾಜ 738ರಲ್ಲಿ ತನ್ನ ಒಡೆಯನನ್ನೇ, ಅಂದರೆ ಕೋಪಾನ್ ನಗರದ ಹದಿಮೂರನೆಯ ರಾಜನನ್ನು ಸೆರೆ ಹಿಡಿದು ತಲೆ ಕಡಿಸಿದ. ನದಿಯ ವ್ಯಾಪಾರ ಯಾರ ಕೈಯಲ್ಲಿರಬೇಕು ಎಂಬುದು ಆ ಜಗಳದ ಬೇರಿನಲ್ಲಿದ್ದಿರಬೇಕು ಎನ್ನುವ ವಿದ್ವಾಂಸರ ಮಾತು ಆ ನದಿಯನ್ನು ನೋಡಿದ ಮೇಲೆ ನನಗೆ ಒಪ್ಪಿತವಾಯಿತು.

ಕೋಪಾನ್ ಇರುವುದು ಹೊಂಡುರಾಸಿನಲ್ಲಿ, ಗಡಿ ದಾಟಿದ ಕೂಡಲೆ. ಬಾಗಿಲಲ್ಲೇ ಕೆಂಪು ಮಕಾವ್ ಗಿಳಿಗಳು. 1839ರಲ್ಲಿ ಅಮೆರಿಕದ ಜಾನ್ ಲಾಯ್ಡ್ ಸ್ಟೀವನ್ಸ್ ಈ ಇಡೀ ಪಾಳು ನಗರವನ್ನು ಐವತ್ತು ಡಾಲರಿಗೆ ಕೊಂಡಿದ್ದ. ಅವನ ಜೊತೆಗಾರ ಕ್ಯಾಥರ್‌ವುಡ್ ಬರೆದ ಚಿತ್ರಗಳಿಂದ ಹೊರ ಜಗತ್ತಿಗೆ ಮಾಯಾ ನಗರಗಳ ಪರಿಚಯವಾಯಿತು. ಇಲ್ಲಿನ ಒಂದು ಮೆಟ್ಟಿಲ ಸಾಲಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಕ್ಷರಗಳ ಶಾಸನವಿದೆ. ಕುಸಿದು ಬಿದ್ದಿದ್ದ ಕಲ್ಲುಗಳನ್ನು 1930ರ ದಶಕದಲ್ಲಿ ಮತ್ತೆ ಜೋಡಿಸಿದರು. ಆಗ ಈ ಲಿಪಿ ಓದಲು ಯಾರಿಗೂ ಬರುತ್ತಿರಲಿಲ್ಲ, ಹಾಗಾಗಿ ಕೆಳಗಿನ ಕೆಲವು ಮೆಟ್ಟಿಲು ಬಿಟ್ಟು ಉಳಿದವು ಕ್ರಮ ತಪ್ಪಿ ಕೂತಿವೆ. ಲಿಪಿಯ ಬೀಗ ತೆರೆದವರಲ್ಲಿ ಮೊದಲಿಗರು ರಷ್ಯದ ಯೂರಿ ಕ್ನೊರೊಜೊವ್. 1952ರಲ್ಲಿ, ಮಾಯಾ ನಾಡಿಗೆ ಕಾಲಿಡದೆ, ಲೆನಿನ್‌ಗ್ರಾಡ್‌ನಲ್ಲಿ ಕೂತು ಅವರು ದಾರಿ ತೋರಿಸಿದರು. ಅವರು ಗ್ವಾಟೆಮಾಲ ನೋಡಿದ್ದು 1990ರಲ್ಲಿ. ನಮ್ಮ ಊರುಗಳ ಶಾಸನ ಓದಿಕೊಟ್ಟವರ ಮೇಲೆ ನನಗಿರುವ ಗೌರವವೇ ಅವರ ಮೇಲೂ ಇದೆ.

ಎಲ್ಲಕ್ಕಿಂತ ಹೆಚ್ಚು ಮನಸ್ಸಿನಲ್ಲಿ ನಿಂತ ಜಾಗಕ್ಕೆ ಈಗ ಬರುತ್ತೇನೆ. ಎಲ್ ಸಾಲ್ವಡಾರಿನ ಹೋಯಾ ದೆ ಸೆರೆನ್. ಗೋಪುರವಿಲ್ಲ, ರಾಜನಿಲ್ಲ. ಸುಮಾರು 1400 ವರ್ಷಗಳ ಹಿಂದಿನ ರೈತರ ಹಳ್ಳಿ. ಹತ್ತಿರದಲ್ಲೇ ಜ್ವಾಲಾಮುಖಿ ಬಾಯ್ದೆರೆದು ಪದರ ಪದರವಾಗಿ ಬೂದಿ ಸುರಿದು ಹಳ್ಳಿಯನ್ನು ಹೂತುಬಿಟ್ಟಿತು. 1976ರಲ್ಲಿ ಧಾನ್ಯದ ಕಣಜ ಕಟ್ಟಲು ಬುಲ್ಡೋಜರ್ ನೆಲ ಸಮ ಮಾಡುವಾಗ ಒಂದು ಮನೆ ಕಂಡಿತು. ಕೊಲರಾಡೊ ವಿಶ್ವವಿದ್ಯಾಲಯದ ಪೇಸನ್ ಶೀಟ್ಸ್ ಆ ಮೇಲೆ ಅಲ್ಲಿ ಅಗೆತ ನಡೆಸಿದರು. 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಬೂದಿ ಸಂಜೆಯ ಹೊತ್ತು ಬಿದ್ದಿತೆಂದು ಶೀಟ್ಸ್ ಊಹಿಸುತ್ತಾರೆ. ಊಟವಾಗಿತ್ತು, ಪಾತ್ರೆ ತೊಳೆದಿರಲಿಲ್ಲ. ಮಲಗುವ ಚಾಪೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಮಡಕೆಯಲ್ಲಿ ಬೀನ್ಸ್ ಕಾಳು ಇತ್ತು. ಸೂರಿನಡಿ ಮೆಣಸಿನಕಾಯಿ ತೂಗುತ್ತಿತ್ತು. ಹುಲ್ಲಿನ ಮಾಡಿನಲ್ಲಿ ಇಲಿಗಳಿದ್ದವು. ಒಂದು ಬಾತುಕೋಳಿಯನ್ನು ಕಟ್ಟಿ ಹಾಕಿದ್ದರು. ಮಕ್ಕಳ ಕೈಗೆ ಸಿಗದಂತೆ ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನ ಚೂಪಾದ ಚೂರಿಗಳನ್ನು ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿಟ್ಟಿದ್ದರು. ಹೊಲದ ಗಿಡಗಳು ಕೊಳೆತು ಬೂದಿಯಲ್ಲಿ ಉಳಿದ ಪೊಳ್ಳಿಗೆ ಗಚ್ಚು ಸುರಿದು ಅಗೆತದವರು ಮೆಕ್ಕೆಜೋಳದ ದಂಟನ್ನೂ ಮರಗೆಣಸಿನ ಗೆಡ್ಡೆಯನ್ನೂ ಅಚ್ಚಿನ ಹಾಗೆ ತೆಗೆದಿದ್ದಾರೆ. ಬಲಿತ ಜೋಳದ ದಂಟನ್ನು ಬಗ್ಗಿಸಿ ಗಿಡದಲ್ಲೇ ಒಣಗಲು ಬಿಟ್ಟಿದ್ದರು. ನಾವು ಬಸ್ಸಿನಲ್ಲಿ ಬರುವಾಗ ದಾರಿಯ ಹೊಲಗಳಲ್ಲಿ ಕಂಡದ್ದೂ ಹಾಗೆಯೇ ಬಗ್ಗಿಸಿದ ದಂಟುಗಳು. ಮನುಷ್ಯರ ಹೆಣಗಳು ಮಾತ್ರ ಸಿಕ್ಕಿಲ್ಲ. ಊರಿನಿಂದ ಹೊರಟ ಒಂದು ಬಿಳಿ ಬೂದಿಯ ರಸ್ತೆಯ ಮೇಲೆ ಹೆಜ್ಜೆ ಗುರುತುಗಳಿವೆ. ಬಹಳಷ್ಟು ಹೆಜ್ಜೆಗಳು ಊರಿನಿಂದ ಆಚೆಗೆ ಹೋಗುತ್ತವೆ.

ಈ ರೈತರು ಬಡವರಾಗಿರಲಿಲ್ಲ. ಮನೆಮನೆಯಲ್ಲೂ ದೂರದಿಂದ ಬಂದ ವಸ್ತುಗಳಿದ್ದವು. ಅಬ್ಸಿಡಿಯನ್ ಇಂದಿನ ಗ್ವಾಟೆಮಾಲದ ಇಶ್ಟೆಪೆಕೆ ಬೆಟ್ಟದ್ದು. ಬಣ್ಣದ ಮಡಕೆ, ಜೇಡ್ ಕೊಡಲಿ. ಟಿಕಾಲ್‌ನ ರಾಜನ ಗೋರಿಗೆ ಕಡಲ ಚಿಪ್ಪನ್ನು ತಂದಂಥ ಬೆನ್ನುಗಳೇ ಈ ರೈತನ ಅಡುಗೆಮನೆಗೆ ಚೂರಿಯನ್ನು ತಂದವು.

1502ರಲ್ಲಿ ಕೊಲಂಬಸ್ ತನ್ನ ನಾಲ್ಕನೆಯ ಯಾನದಲ್ಲಿ ಹೊಂಡುರಾಸಿನ ದ್ವೀಪಗಳ ಬಳಿ ಇಂಥ ವ್ಯಾಪಾರದ ದೊಡ್ಡ ದೋಣಿಯೊಂದನ್ನು ಕಂಡ. ಹುಟ್ಟು ಹಾಕುವವರೇ ಇಪ್ಪತ್ತೈದು ಮಂದಿ. ನಡುವೆ ಓಲೆಯ ಚಪ್ಪರ, ಅದರಡಿ ಹೆಂಗಸರು ಮಕ್ಕಳು. ಹತ್ತಿಯ ಬಟ್ಟೆ, ತಾಮ್ರದ ಗಂಟೆ, ಅಬ್ಸಿಡಿಯನ್ ಅಂಚಿನ ಕತ್ತಿ, ಕೋಕೋ ಬೀಜಗಳು. ಕೋಕೋ ಬೀಜ ಅವರಿಗೆ ಹಣ. ಒಂದು ಬೀಜ ಕೆಳಗೆ ಬಿದ್ದರೂ ಕಣ್ಣೇ ಕಳಚಿ ಬಿತ್ತೋ ಎಂಬಂತೆ ಎಲ್ಲರೂ ಬಾಗಿ ಹುಡುಕುತ್ತಿದ್ದರು ಎಂದು ಜೊತೆಗಿದ್ದ ಕೊಲಂಬಸನ ಮಗ ಬರೆದಿಟ್ಟಿದ್ದಾನೆ. ನಾನು ಕಂಡ ಕಂಬ, ಗೋರಿ, ಮನೆಗಳೆಲ್ಲ ಆ ಒಂದು ದೋಣಿಯಲ್ಲಿ ಕೂಡಿ ಬಂದ ಹಾಗೆ ನನಗೆ ತೋರುತ್ತದೆ.

ಹೋಯಾ ದೆ ಸೆರೆನ್‌ನಿಂದ ಪೆಸಿಫಿಕ್ ತೀರ ದೂರವಿಲ್ಲ. ಲಾ ಲಿಬರ್ತಾದ್ ಕಡೆಯ ತೀರಗಳಲ್ಲಿ ಮರಳು ಕಪ್ಪು, ಜ್ವಾಲಾಮುಖಿಯ ಕೊಡುಗೆ. ಅಲೆಗಳು ಎತ್ತರ. ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಯುವಕರ ಗುಂಪು. ಕೇರಳ, ಕರ್ನಾಟಕ ತೀರಗಳಿಗೆ ಬರುವ ಆಲಿವ್ ರಿಡ್ಲಿ ಕಡಲಾಮೆ ಇಲ್ಲೂ ಮೊಟ್ಟೆ ಇಡುತ್ತದೆ. ನಮ್ಮ ಹೊನ್ನಾವರದ ಕಾಸರಕೋಡಿನಲ್ಲಿ ಬಲೆ ಕಟ್ಟಿ ಮೊಟ್ಟೆ ಕಾಯುವಂತೆ ಇಲ್ಲೂ ಊರವರು ಕಾಯುತ್ತಾರೆ. ಸಂಜೆ ಪುಪುಸ ತಿಂದೆವು. ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ, ಒಳಗೆ ಅರೆದ ಬೀನ್ಸ್ ಕಾಳು ಮತ್ತು ಲೊರೊಕೊ ಎಂಬ ಬಳ್ಳಿಯ ಮೊಗ್ಗು. ಪಕ್ಕದಲ್ಲಿ ಹುಳಿ ಬರಿಸಿದ ಎಲೆಕೋಸು. ಮಾಂಸ ತಿನ್ನದ ನಮ್ಮನೆಯವರಿಗೆ ಇಡೀ ಪ್ರವಾಸದಲ್ಲಿ ಅತಿ ಹಿಡಿಸಿದ ತಿನಿಸು ಇದು. ರೊಟ್ಟಿ ತಟ್ಟುತ್ತಿದ್ದ ಹೆಂಗಸು ಈಗ ರಾತ್ರಿ ಹೊರಗೆ ಬರಲು ಭಯವಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ, ಪಕ್ಕದ ಮನೆಯ ಹುಡುಗನನ್ನು ಒಯ್ದ ಪೊಲೀಸರು ಇನ್ನೂ ಬಿಟ್ಟಿಲ್ಲ ಎಂದಳು. 2022ರ ಮಾರ್ಚ್‌ನಿಂದ ಆ ದೇಶದಲ್ಲಿ ತುರ್ತು ಕಾನೂನಿದೆ. ಪುಂಡರ ಗುಂಪುಗಳ ಅಟ್ಟಹಾಸ ಅಡಗಿದೆ, ಜೊತೆಗೆ ಸಾವಿರಾರು ಮನೆಗಳಲ್ಲಿ ಇಂಥ ಕಾಯುವಿಕೆಯೂ ಇದೆ. ಎರಡನ್ನೂ ಹೇಳುವುದು ನನ್ನ ಕರ್ತವ್ಯ.

ಹೋಗಬೇಕೆನ್ನುವ ಗಂಡಹೆಂಡಿರಿಗೆ ಒಂದೆರಡು ಮಾತು. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ. ಗ್ವಾಟೆಮಾಲ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವ ನಾಲ್ಕಕ್ಕೂ ಸೇರಿ ಒಟ್ಟು 90 ದಿನದ ಒಪ್ಪಂದವಿದೆ. ವೀಸಾ ನಿಯಮ ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ವಿಚಾರಿಸಿ. ಸ್ಪ್ಯಾನಿಷ್‌ನಲ್ಲಿ ಎಣಿಕೆ ಕಲಿಯಿರಿ. ಕತ್ತಲಾದ ಮೇಲೆ ಬಸ್ಸು ಹತ್ತಬೇಡಿ. ನನ್ನನ್ನು ಕೇಳಿದರೆ ನಾವು ಹೋದ ಕ್ರಮದಲ್ಲಿ ಹೋಗಬೇಡಿ, ತಿರುಗುಮುರುಗಾಗಿ ಹೋಗಿ. ಮೊದಲು ಎಲ್ ಸಾಲ್ವಡಾರಿನ ರೈತನ ಅಡುಗೆಮನೆ, ಆ ಮೇಲೆ ಕೋಪಾನ್, ಕಿರಿಗ್ವಾ, ಟಿಕಾಲ್, ಕೊನೆಗೆ ಬೆಲೀಜಿನ ಕಡಲು. ಯಾರ ಬೆನ್ನು ಈ ಗೋಪುರಗಳನ್ನು ಹೊತ್ತಿತ್ತು ಎಂಬುದನ್ನು ತಿಳಿದುಕೊಂಡೇ ಗೋಪುರದ ಮುಂದೆ ನಿಲ್ಲುವಿರಿ. ಹೋಯಾ ದೆ ಸೆರೆನ್‌ಗೆ ಸೋಮವಾರ ರಜೆ. ಮಂಗಳವಾರ ಬೆಳಿಗ್ಗೆ ಹೋಗಿ, ಜನ ಕಡಿಮೆ ಇರುತ್ತಾರೆ.